‘ಯಾರಿಗೆ?’ ಎಂದು ಅಂಚಿನಲ್ಲಿ

ಹಲಸೂರಿನ ಆ ಶಾಲೆಯಲ್ಲಿ ನಾನು ಹೈಸ್ಕೂಲು ಮಕ್ಕಳಿಗೆ ಕನ್ನಡ ಪಾಠ ಮಾಡುತ್ತಿದ್ದೆ. ಸಂಜೆ ಪ್ರಬಂಧದ ಪುಸ್ತಕಗಳನ್ನು ವೈರ್ ಬ್ಯಾಗಿಗೆ ತುಂಬಿಕೊಂಡು ಸಿ.ವಿ. ರಾಮನ್ ನಗರದ ಬಸ್ಸು ಹತ್ತುವುದು, ಕುಕ್ಕರ್ ಕೂಗುವುದರೊಳಗೆ ಅಡುಗೆಮನೆಯ ಕಟ್ಟೆಯ ಮೇಲೇ ಒಂದಷ್ಟು ತಿದ್ದಿ ಇಡುವುದು ರೂಢಿಯಾಗಿಬಿಟ್ಟಿತ್ತು. ಎಷ್ಟೋ ಪುಸ್ತಕಗಳಿಗೆ ಅರಿಶಿನದ ಬೆರಳಚ್ಚು ಅಂಟಿರುತ್ತಿತ್ತು. ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲು ಆಗ ಸಿಗುತ್ತಿತ್ತು. ತಪ್ಪಿಗೆ ಕೆಂಪು. ಓದಿದವರ ಮನಸ್ಸು ಸ್ವಲ್ಪವಾದರೂ ಅಲುಗುವಂಥ ವಾಕ್ಯಕ್ಕೆ ನೀಲಿ. ಬರೀ ಅಬ್ಬರವಿದ್ದ ಕಡೆ ಅಂಚಿನಲ್ಲಿ ‘ಯಾರಿಗೆ?’ ಎಂದು ಬರೆಯುತ್ತಿದ್ದೆ. ಈ ಮಾತನ್ನು ಯಾರಿಗೆ ಹೇಳುತ್ತಿದ್ದೀಯ, ಅವರು ಒಪ್ಪುತ್ತಾರಾ ಎಂದು ಅದರ ಅರ್ಥ. ಕೇಳಿದವರು ಒಪ್ಪಿದರೆ ಮಾತ್ರ ಪೂರ್ತಿ ಮಾರ್ಕ್ಸ್ ಎಂದು ಮಕ್ಕಳಿಗೆ ಹೇಳಿಯೂ ಇದ್ದೆ.

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ಒಂದು ಮಧ್ಯಾಹ್ನ ಹೆಡ್‌ಮಾಸ್ಟರು ಕರೆದರು.

“ಮೇಡಂ, ಈ ಜೂನಲ್ಲಿ ಎಂಟನೇ ಕ್ಲಾಸಿಗೆ ಮಕ್ಕಳು ಸೇರಲಿಲ್ಲ ಅಂದ್ರೆ ಕನ್ನಡ ಮೀಡಿಯಂ ಮುಚ್ಚಿದ ಹಾಗೇನೇ. ಒಂಬತ್ತನೇ ಕ್ಲಾಸಿನವರ ಹತ್ರ ಒಂದು ಪ್ರಬಂಧ ಬರೆಸಿ. ಕನ್ನಡದಲ್ಲೇ ಯಾಕೆ ಓದಬೇಕು ಅಂತ. ಚೆನ್ನಾಗಿರೋದನ್ನ ಅಚ್ಚು ಹಾಕ್ಸಿ ಏಳನೇ ಕ್ಲಾಸಿನ ಪೇರೆಂಟ್ಸ್‌ಗೆ ಹಂಚೋಣ.”

ಬರೆಸಿದೆ. ಮನೆಯಲ್ಲಿ ಪುಸ್ತಕ ತೆರೆದರೆ ಎಲ್ಲರದೂ ಒಂದೇ ರಾಗ. ಕನ್ನಡ ನಮ್ಮ ತಾಯ್ನುಡಿ, ತಾಯ್ನುಡಿ ತಾಯಿಯ ಎದೆಹಾಲು. ತರಗತಿಯಲ್ಲಿ ಅರ್ಧಕ್ಕರ್ಧ ಮಕ್ಕಳ ಮನೆಮಾತು ತಮಿಳು. ಉಳಿದವರಲ್ಲಿ ತೆಲುಗಿನವರು, ಶಿವಾಜಿನಗರದ ಕಡೆಯಿಂದ ಬರುವ ಉರ್ದುವಿನವರು. ಮರುದಿನ ಒಬ್ಬನನ್ನು ಎಬ್ಬಿಸಿ ಕೇಳಿದೆ.

“ನಿಮ್ಮಮ್ಮ ನಿನ್ನನ್ನ ಯಾವ ಭಾಷೇಲೋ ಬೈಯೋದು?”

“ತಮಿಳಲ್ಲಿ ಮಿಸ್.”

“ಮತ್ತೆ ಎದೆಹಾಲು ಎಲ್ಲಿಂದ ಬಂತು?”

“ಗೈಡಿಂದ ಮಿಸ್.”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಒಬ್ಬಳದು ಮಾತ್ರ ಬೇರೆಯಾಗಿತ್ತು. ಅವಳದೂ ತಮಿಳಿನ ಮನೆ. ಅವಳ ತಂಗಿ ನಮ್ಮಲ್ಲೇ ಏಳನೆಯ ತರಗತಿಯಲ್ಲಿದ್ದಳು. ‘ನಮ್ಮ ಮನೆಯಲ್ಲಿ ಕನ್ನಡ ಇಲ್ಲ. ಶಾಲೆಯಲ್ಲಿ ಕಲಿತೆ. ರೇಷನ್ ಆಫೀಸಿನಲ್ಲಿ ಅರ್ಜಿ ಓದಿ ಬರೆಯಲು ಅಮ್ಮ ನನ್ನನ್ನು ಮುಂದೆ ನಿಲ್ಲಿಸುತ್ತಾರೆ. ನಮ್ಮ ಚಿಕ್ಕಪ್ಪನ ಮಗಳು ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ. ಪಾಠ ಅರ್ಥವಾಗದಿದ್ದರೂ ಸುಮ್ಮನೆ ಕೂರುತ್ತಾಳೆ, ಕೇಳಲು ಮಾತು ಬರುವುದಿಲ್ಲ. ನಾನು ಕೈ ಎತ್ತಿ ಕೇಳುತ್ತೇನೆ. ನನ್ನ ತಂಗಿಯೂ ಕೇಳಬೇಕು.’ ಆ ಕೊನೆಯ ಸಾಲುಗಳಿಗೆ ಉದ್ದಕ್ಕೂ ನೀಲಿ ಗೆರೆ ಎಳೆದು ಪೂರ್ತಿ ಮಾರ್ಕ್ಸ್ ಕೊಟ್ಟೆ. ‘ಯಾರಿಗೆ?’ ಎಂದು ಬರೆಯುವ ಹಾಗೇ ಇರಲಿಲ್ಲ.

ಹೆಡ್‌ಮಾಸ್ಟರಿಗೆ ಅದು ಹಿಡಿಸಲಿಲ್ಲ. “ಅಭಿಮಾನವೇ ಇಲ್ವಲ್ಲ ಮೇಡಂ ಇದ್ರಲ್ಲಿ” ಎಂದು ಎದೆಹಾಲಿನದನ್ನೇ ಅಚ್ಚು ಹಾಕಿಸಿದರು. ಹಂಚಿದ ದಿನವೇ ಯಾರೋ ಅದರಲ್ಲಿ ಕಡಲೆಕಾಯಿ ಸಿಪ್ಪೆ ಕಟ್ಟಿ ಗೇಟಿನ ಪಕ್ಕ ಎಸೆದಿದ್ದರು.

ಏಪ್ರಿಲಿನಲ್ಲಿ ರಿಸಲ್ಟಿನ ದಿನ ಆ ಹುಡುಗಿಯ ತಾಯಿ, ಚಿಕ್ಕವಳನ್ನು ಇಂಗ್ಲಿಷ್ ಶಾಲೆಗೆ ಸೇರಿಸಬೇಕೆಂದು ಅವಳ ಟೀಸಿ ಕೇಳಿಕೊಂಡು ಬಂದರು. ಇಂದಿರಾನಗರದಲ್ಲಿ, ಬಂಗಲೆಯೊಂದನ್ನು ಆಫೀಸು ಮಾಡಿದ್ದ ಕಡೆ ಕಸ ಗುಡಿಸಿ ಒರೆಸುವ ಕೆಲಸ ಅವರದು. ಹೆಡ್‌ಮಾಸ್ಟರು ಅವರನ್ನು ನನ್ನ ಹತ್ತಿರ ಕಳಿಸಿದರು. ನಾನು ದೊಡ್ಡವಳನ್ನು ಕರೆದು, ಪ್ರಬಂಧದ ಪುಸ್ತಕ ಕೈಗಿಟ್ಟು, “ಓದಮ್ಮ, ನಿಮ್ಮಮ್ಮನಿಗೇ ಓದಿ ಹೇಳು” ಎಂದೆ.

ಓದಿದಳು. ಚೆನ್ನಾಗಿಯೇ ಓದಿದಳು. ರೇಷನ್ ಆಫೀಸು ಬಂದಾಗ ತಾಯಿ ನಾಚಿಕೊಂಡು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಮುಗಿದ ಮೇಲೆ ಮಗಳ ಜಡೆ ಸರಿಮಾಡಿದರು.

“ಎಲ್ಲಾ ನಿಜಾನೇ ಬರ್ದಿದಾಳೆ ಮಿಸ್. ಟೀಸಿ ಇವತ್ತೇ ಸಿಗುತ್ತಾ?”

“ಅಲ್ಲಮ್ಮ, ಅವಳು ಹೇಳಿದ್ದು ಕೇಳಿದ್ರಲ್ಲ. ಚಿಕ್ಕವಳು ಅಲ್ಲಿ ಹೋಗಿ ಬಾಯಿ ಮುಚ್ಕೊಂಡು ಕೂರ್ಬೇಕಾ?”

“ಕೂತ್ಕೊಳ್ಳಲಿ ಬಿಡಿ ಮಿಸ್. ನಮ್ಮ ಆಫೀಸಲ್ಲಿ ಬಾಗ್ಲ ಹತ್ರ ಫೋನ್ ಎತ್ತೋ ಹುಡುಗಿ ಇದಾಳೆ. ನನ್ನ ಮಕ್ಕಳಿಗಿಂತ ಜಾಣೆ ಏನಲ್ಲ. ಇಂಗ್ಲಿಷ್ ಬರುತ್ತೆ, ಕೂತಿದಾಳೆ. ನಾನು ಅವಳ ಕುರ್ಚಿ ಒರೆಸ್ತೀನಿ. ಕೈ ಎತ್ತಿ ಕೇಳೋದು ನಂಗೂ ಬರುತ್ತೆ ಮಿಸ್. ಯಾರು ಬದಲು ಹೇಳ್ತಾರೆ?”

ಅಬ್ಬರವಿಲ್ಲ, ಕಣ್ಣೀರಿಲ್ಲ, ಗೈಡಿನ ಒಂದು ಪದವಿಲ್ಲ. ಇಷ್ಟು ವರ್ಷ ನಾನು ಮಕ್ಕಳಿಂದ ಬರೆಸಬೇಕೆಂದುಕೊಂಡಿದ್ದ ಮಾತು ಇಂಥದೇ. ಗುಮಾಸ್ತರ ಕೋಣೆ ತೋರಿಸಿದೆ.

ತಾಯಿ ಅತ್ತ ಹೋದ ಮೇಲೂ ಹುಡುಗಿ ಮೇಜಿನ ಪಕ್ಕ ನಿಂತೇ ಇದ್ದಳು.

“ಮಿಸ್, ಅಮ್ಮ ಒಪ್ಲಿಲ್ಲ. ಮಾರ್ಕ್ಸ್ ಕಮ್ಮಿ ಮಾಡ್ತೀರಾ?”

“ಇಲ್ಲ ಕಣೇ.”

“ಒಪ್ಪಿದ್ರೆ ಮಾತ್ರ ಪೂರ್ತಿ ಅಂತ ನೀವೇ ಹೇಳಿದ್ರಿ.”

ನಾನು ಬರಹ ಚೆನ್ನಾಗಿದೆ, ಅದು ಬೇರೆ, ಇದು ಬೇರೆ ಎಂದೇನೋ ಹೇಳಿದೆ. ಅವಳು ತಲೆಯಾಡಿಸಿದಳು, ನಂಬಿದ ಹಾಗೆ ಕಾಣಲಿಲ್ಲ. ಪುಸ್ತಕವನ್ನು ಮೇಜಿನ ಮೇಲೇ ಬಿಟ್ಟು ತಂಗಿಯನ್ನು ಹುಡುಕಿಕೊಂಡು ಹೋದಳು.

ಜೂನಿನಲ್ಲಿ ಎಂಟನೆಯ ತರಗತಿ ಶುರುವಾಗಲಿಲ್ಲ. ಅದರ ಬೆಂಚುಗಳನ್ನು ಪಕ್ಕದಲ್ಲಿದ್ದ ನಮ್ಮದೇ ಆಡಳಿತದ ಇಂಗ್ಲಿಷ್ ಶಾಲೆಗೆ ಎಳೆದುಕೊಂಡು ಹೋಗುವಾಗ, ನಾನು ಹತ್ತನೆಯ ತರಗತಿಯಲ್ಲಿ ಬಾಗಿಲು ಮುಂದೆ ಮಾಡಿ ಪಾಠ ಮಾಡಿದೆ. ಅವಳು ಎರಡನೆಯ ಸಾಲಿನಲ್ಲಿದ್ದಳು. ಆ ವರ್ಷ ಕೈ ಎತ್ತಿದ್ದು ಕಡಿಮೆ. ನಾನು ಕೊಟ್ಟ ಪ್ರಬಂಧಗಳೂ ಹಾಗೇ, ಗ್ರಂಥಾಲಯದ ಮಹತ್ವ, ಸಮಯದ ಬೆಲೆ. ಎಲ್ಲರೂ ಗೈಡು ನೋಡಿ ಬರೆದರು, ಅವಳೂ ಬರೆದಳು. ತಪ್ಪುಗಳಿಗೆ ಕೆಂಪು ಗೆರೆ ಎಳೆದು, ಅಂಚನ್ನು ಖಾಲಿ ಬಿಟ್ಟು ಹಿಂತಿರುಗಿಸಿದೆ.