ಬೆರಳಿಗೆ ತಾಗದ ಚೆಂಡು

ಮೊನ್ನೆ ಕೊಪ್ಪದಲ್ಲಿ ಬಸ್ಸು ಹತ್ತಿ ಕುಳಿತಾಗ, ಪಕ್ಕದ ಸೀಟಿನ ಹಿರಿಯರೊಬ್ಬರು ಪಂಚೆ ಮೇಲೆತ್ತಿ ಮಂಡಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಆ ಘಾಟು ಮೂಗಿಗೆ ಬಡಿದ ಕೂಡಲೇ ನನ್ನ ಎರಡೂ ಕೈಗಳು ತಾವಾಗಿಯೇ ಮೇಲೇಳಲು ಹವಣಿಸಿದವು ಎಂಬುದನ್ನು ಈ ಮೂಲಕ ತಿಳಿಯಪಡಿಸುತ್ತೇನೆ. ಇಷ್ಟು ವರ್ಷಗಳ ನಂತರವೂ...

ಕೊಪ್ಪದ ವಾಲಿಬಾಲ್ ಆಟಗಾರರೊಬ್ಬರು ಇತ್ತೀಚೆಗೆ ನಿಧನರಾಗಿದ್ದು, ಅವರ ಸ್ಮರಣ ಸಂಚಿಕೆಗೆ ಎದುರಾಳಿ ತಂಡದ ಪರವಾಗಿ ನಾಲ್ಕು ಮಾತು ಬರೆದುಕೊಡುವಂತೆ ಸಂಘಟಕರು ನನ್ನನ್ನು ಕೋರಿರುತ್ತಾರೆ. ಕಚೇರಿ ಪತ್ರಗಳ ಹೊರತು ನಾನು ಈ ಹಿಂದೆ ಬೇರೇನನ್ನೂ ಬರೆದವನಲ್ಲ. ತಪ್ಪಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ವಿನಂತಿ. ಆದರೆ ಒಂದು ವಿಷಯವನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸತಕ್ಕದ್ದಾಗಿದೆ. ಸದರಿ ಆಟಗಾರನನ್ನು ನಾನು ಪ್ರೀತಿಸಿದವನಲ್ಲ.

ಉಳಿದವರೆಲ್ಲರೂ ಪ್ರೀತಿಸಿದರು. ಇದು ಎರಡು ಸಾವಿರದ ಇಸವಿ ಕಳೆದ ನಂತರದ ಕೆಲವು ವರ್ಷಗಳ ಮಾತು. ಆತ ಬಸರೀಕಟ್ಟೆ ಕಡೆಯ ಎಸ್ಟೇಟೊಂದರಲ್ಲಿ ಜೀಪು ಓಡಿಸುತ್ತಿದ್ದ. ಹೆರಿಗೆ ನೋವು ಬಂದವರನ್ನು ಆಸ್ಪತ್ರೆಗೆ ಮುಟ್ಟಿಸಿ, ಹಾಕಿದ್ದ ಬಟ್ಟೆಯಲ್ಲೇ ಬಂದು ಪಂದ್ಯ ಆಡಿದ್ದುಂಟು. ಕೊಯ್ಲಾದ ಗದ್ದೆಯನ್ನು ಕೆತ್ತಿ, ನೀರು ಹೊಡೆದು, ರೋಲರ್ ಎಳೆದು ಕೋರ್ಟ್ ಮಾಡಿದರೆ ಸಾಕು, ಭಾನುವಾರ ಮಧ್ಯಾಹ್ನ ಮೇಗುಂದದಿಂದಲೂ ಶೃಂಗೇರಿಯಿಂದಲೂ ಜನ ಬರುತ್ತಿದ್ದರು. ಆತನ ಸ್ಮ್ಯಾಶ್ ನೋಡಲು ಕ್ಷೌರದಂಗಡಿಯವನು ಅರ್ಧ ಬೋಳಿಸಿದ ಗಿರಾಕಿಯನ್ನು ಬಿಟ್ಟು ಓಡಿ ಬಂದಿದ್ದನೆಂದು ಹೇಳುವವರು ಇಂದಿಗೂ ಇದ್ದಾರೆ.

ನಾನು ನರಸಿಂಹರಾಜಪುರ ತಂಡದವನು. ಆತನ ಹೊಡೆತವನ್ನು ತಡೆಯಲು ನೆಟ್‌ನ ಈಚೆ ಬದಿಯಲ್ಲಿ ಹಾರುವುದು ನನ್ನ ಕರ್ತವ್ಯವಾಗಿತ್ತು. ಹೀಗಾಗಿ ಆತನ ಮುಖವನ್ನು ನಾನು ನೋಡಿದ್ದೆಲ್ಲ ನೆಟ್‌ನ ಚೌಕಗಳ ಮೂಲಕವೇ. ಮಂಡಿಗೆ ಹಚ್ಚಿದ ನೀಲಗಿರಿ ಎಣ್ಣೆ, ಎಲೆಯಡಿಕೆಯಿಂದ ಕೆಂಪಾದ ಹಲ್ಲು, ಅದರ ಜೊತೆಗೆ ಆ ಬಾಯಿ. ನಾನು ಕೈ ಎತ್ತಿದೊಡನೆ ಜನರಿಗೆಲ್ಲ ಕೇಳುವಂತೆ, "ಅಟ್ಟದಿಂದ ಎಂತ ತೆಗೀತಾ ಇದ್ದೀಯ ಮಾರಾಯ? ಏಣಿ ತರಿಸ್ಲಾ?" ಎನ್ನುತ್ತಿದ್ದ. ನನ್ನ ಮದುವೆಯಲ್ಲಿ ಹಾರ ಹಾಕಲು ಕೈ ಎತ್ತಿದಾಗ ಹೆಣ್ಣಿನ ಕಡೆಯವರೇ ಒಬ್ಬರು ಏಣಿಯ ವಿಚಾರ ಎತ್ತಿದರು. ಮಂಟಪವೆಲ್ಲ ನಕ್ಕಿತು.

ನಮ್ಮ ಕಡೆಯ ಪಂದ್ಯಗಳಲ್ಲಿ ಒಂದು ರೂಢಿ ಇತ್ತು. ಹೊರಗೆ ಬಿದ್ದ ಚೆಂಡು ತಡೆಯುವವನ ಬೆರಳಿಗೆ ತಾಗಿ ಹೋಗಿದ್ದರೆ ಹೊಡೆದವರಿಗೆ ಪಾಯಿಂಟು, ಇಲ್ಲವಾದರೆ ತಡೆದವರಿಗೆ. ಅಂಪೈರಿಗೆ ಕಾಣಿಸದಿದ್ದಲ್ಲಿ, ತಡೆಯಲು ಹಾರಿದವನನ್ನೇ ಕೇಳುವುದು. ತಾಗಿದ್ದಾಗ ನಾನು ಒಪ್ಪಿಕೊಂಡಿದ್ದೇನೆ. ಆತ ಒಮ್ಮೆಯೂ ಒಪ್ಪಿಕೊಂಡವನಲ್ಲ. ಎರಡೂ ಅಂಗೈಗಳನ್ನು ಜನರ ಕಡೆಗೆ ತಿರುಗಿಸಿ ತೋರಿಸುತ್ತಿದ್ದ, ಜನ ನಗುತ್ತಿದ್ದರು, ಪಾಯಿಂಟು ಅವರದಾಗುತ್ತಿತ್ತು. ಸುಳ್ಳು ಹೇಳಿ ಇಷ್ಟು ಪ್ರೀತಿ ಗಳಿಸಿದ ಬೇರೊಬ್ಬನನ್ನು ನಾನು ಕಂಡಿಲ್ಲ.

ಆತನ ಕೊನೆಯ ಪಂದ್ಯ ಕೊಪ್ಪದಲ್ಲಿಯೇ, ನಮ್ಮ ವಿರುದ್ಧವೇ ನಡೆಯಿತು. ಆ ವೇಳೆಗೆ ಮಂಡಿ ಹಾಳಾಗಿತ್ತು. ಈ ಬಾರಿ ಕಪ್ ಬಾರದಿದ್ದರೆ ಆತನನ್ನು ಕೈಬಿಡುವುದೆಂದು ಅವರ ತಂಡದಲ್ಲಿ ತೀರ್ಮಾನವಾಗಿರುವುದು ನಮ್ಮ ಕಿವಿಗೂ ಬಿದ್ದಿತ್ತು. ಕೊನೆಯ ಸೆಟ್ಟಿನಲ್ಲಿ ಗೆಲ್ಲಲು ಅವರಿಗೆ ಒಂದೇ ಪಾಯಿಂಟು ಬೇಕಿದ್ದಾಗ ಚೆಂಡನ್ನು ಆತನಿಗೇ ಎತ್ತಿ ಕೊಟ್ಟರು. ಆತ ಹಾರಿದ. ನಾನೂ ಹಾರಿದೆ. ಚೆಂಡು ನನ್ನ ಬೆರಳುಗಳ ಮೇಲಿನಿಂದ ಹಾದು ಗೆರೆಯಾಚೆ ಬಿತ್ತು.

ಅಂಪೈರ್ ಕೇಳಿದರು. ತಾಗಿಲ್ಲವೆಂದು ಹೇಳಿದೆ. ಗದ್ದೆಯ ಬದುವಿನಿಂದ ಜನ ಒಳಗೆ ನುಗ್ಗಿದರು. ಒಬ್ಬ ನನ್ನ ಕಾಲರ್ ಹಿಡಿದ, ಇನ್ನೊಬ್ಬ ಬೆರಳು ಕಡಿದು ನೋಡುವ ಮಾತಾಡಿದ. ಅಂಪೈರ್ ಬೆದರಿ ಕೊಪ್ಪದ ಕಡೆಗೆ ಕೈ ತೋರಿಸಿ ಸೀಟಿ ಊದಿದರು. ಪಟಾಕಿಯೂ ಹೊತ್ತಿತು.

ಆಗ ಆತ ಕುಂಟುತ್ತಾ ನೆಟ್‌ನ ಅಡಿಯಿಂದ ನುಸುಳಿ ಈಚೆ ಬಂದು, ಅಂಪೈರಿಗೆ ಒಂದೇ ಮಾತು ಹೇಳಿದ. "ತಾಗಿಲ್ಲ."

ಧನ್ಯವಾದ ಸಲ್ಲಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಡೆ ತಿರುಗಿದ. "ನಿನ್ನ ಮೇಲಿನ ಪ್ರೀತಿಗಲ್ಲ ಮಾರಾಯ. ನನ್ನ ಹೊಡೆತ ತಾಗಿದ್ರೆ ನಿನ್ನ ಬೆರಳು ಈಗ ನೆಟ್ಟಗೆ ಇರ್ತಿತ್ತಾ?"

ಪಾಯಿಂಟು ನಮಗೆ ಬಂತು, ಅದರ ಹಿಂದೆಯೇ ಪಂದ್ಯವೂ ಬಂತು. ನರಸಿಂಹರಾಜಪುರದವರು ಎಷ್ಟು ಕೊಟ್ಟರೆಂದು ಅವನ ಊರಿನವರೇ ಅವನನ್ನು ಕೇಳಿದರು. ಯಾರೋ ಮಣ್ಣಿನ ಹೆಂಟೆ ಎಸೆದರು. ಆತ ಅಂಗೈ ತಿರುಗಿಸಿ ತೋರಿಸಲಿಲ್ಲ. ಮುಂದಿನ ವರ್ಷ ಆತ ತಂಡದಲ್ಲಿರಲಿಲ್ಲ, ಬದುವಿನ ಮೇಲೆ ನಿಂತವರಲ್ಲಿಯೂ ಇರಲಿಲ್ಲ... ಒಮ್ಮೆ ಮಾತ್ರ ರಸ್ತೆಯಲ್ಲಿ ಎದುರಾದ ಜೀಪಿನಿಂದ ತಲೆ ಹೊರಹಾಕಿ, "ಏಣಿ ಸಿಕ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಉತ್ತರ ಅಂದಿನಿಂದಲೂ ನನ್ನ ಬಳಿಯೇ ಉಳಿದಿದೆ.

ಈಗ ಅದೇ ಜನ ಆತನ ಭಾವಚಿತ್ರಕ್ಕೆ ಹಾರ ಹಾಕುತ್ತಿದ್ದಾರೆ. ಕೊನೆಯ ಚೆಂಡು ತಾಗಿಯೇ ಇತ್ತು, ಒಳ್ಳೆಯತನಕ್ಕೆ ಬಿಟ್ಟುಕೊಟ್ಟ ಎಂದು ಶ್ರದ್ಧಾಂಜಲಿ ಸಭೆಯ ಮೈಕಿನಲ್ಲಿ ಹೇಳಿರುತ್ತಾರೆ. ಇದಕ್ಕೆ ನನ್ನ ತೀವ್ರ ಆಕ್ಷೇಪಣೆ ಇರುತ್ತದೆ. ಅಂದು ಮಣ್ಣು ಎಸೆದವರಿಗೆ ಇಂದು ಆತನನ್ನು ಒಳ್ಳೆಯವನನ್ನಾಗಿ ಮಾಡುವ ಅಧಿಕಾರವಿಲ್ಲ.

ನಾನು ಆತನನ್ನು ಕ್ಷಮಿಸಿಲ್ಲ. ಸಿಟ್ಟು ಹಾಗೆಯೇ ಇದೆ, ನೆಟ್‌ನ ಆಚೆ ಬದಿಯಲ್ಲಿ ಮಾತ್ರ ಯಾರೂ ಇಲ್ಲ. ಬಸ್ಸಿನ ಆ ಹಿರಿಯರು ನಡುವೆ ಎಲ್ಲೋ ಇಳಿದು ಹೋದರು. ಎಣ್ಣೆಯ ಘಾಟು ನಮ್ಮೂರಿನವರೆಗೂ ಬಂತು. ಆದುದರಿಂದ, ಆತನ ಪರವಾಗಿ ಹೇಳಲು ನನ್ನಲ್ಲಿರುವ ಏಕೈಕ ಮಾತನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಸದರಿ ಚೆಂಡು ನನ್ನ ಬೆರಳಿಗೆ ತಾಗಿರಲಿಲ್ಲ. ತಾಗಿದ್ದರೆ, ಬೆರಳು ಉಳಿಯುತ್ತಿರಲಿಲ್ಲ.