ದಿಟ್ಟಿಗೆ ಅಂಜಿ ಮುಚ್ಚಿಟ್ಟ ಪರೀಕ್ಷೆ

ಮಗಳು ಐದನೇ ಇಯತ್ತೆಯಲ್ಲಿದ್ದ ವರ್ಷ ಅವಳ ಪುಸ್ತಕಗಳನ್ನು ಕೌದಿಗಳ ಒಟ್ಟಿಲಿನ ಕೆಳಗೆ ಇಡುತ್ತಿದ್ದೆವು. ಯಾರಾದರೂ ಅಂಗಳಕ್ಕೆ ಬಂದ ಸಪ್ಪಳವಾದರೆ ಸಾಕು, ಹುಡುಗಿ ಓದುವುದನ್ನು ಬಿಟ್ಟು ಮೊರ ಎಳೆದುಕೊಂಡು ಜೋಳ ಹಸನು ಮಾಡತೊಡಗುತ್ತಿದ್ದಳು. ಬಂದವರು ಹೋದ ಮೇಲೆ ಮತ್ತೆ ಪುಸ್ತಕ ಹೊರಗೆ ಬರುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜಿಲ್ಲೆಗೆ ಒಂದರಂತೆ ಸರಕಾರದ ವಸತಿ ಶಾಲೆ ಶುರುವಾಗಿ, ಜಾಣ ಹುಡುಗರನ್ನು ಆರಿಸಿಕೊಂಡು ಊಟ, ಬಟ್ಟೆ, ಪುಸ್ತಕ ಎಲ್ಲ ಕೊಟ್ಟು ಓದಿಸುತ್ತಾರೆ ಎಂಬ ಸುದ್ದಿ ಮಾದನಹಿಪ್ಪರಗಾಕ್ಕೂ ಬಂದಿತ್ತು. ಐದನೇ ಇಯತ್ತೆಯಲ್ಲಿದ್ದಾಗ ಒಂದೇ ಸಲ ಆ ಪರೀಕ್ಷೆಗೆ ಕೂರಬಹುದು. ಹೋದರೆ ಹೋಯಿತು, ಮರುವರ್ಷ ಎನ್ನುವುದಿಲ್ಲ. ನಮ್ಮ ಊರಲ್ಲಿ ಹೈಸ್ಕೂಲು ಇತ್ತು, ಇಲ್ಲವೆಂದಲ್ಲ. ಆದರೆ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ಏಳನೇ ಇಯತ್ತೆಯೇ ಕೊನೆ. ನನ್ನನ್ನೂ ಅಲ್ಲಿಗೇ ಬಿಡಿಸಿದ್ದರು. ಮಗಳನ್ನು ತಮ್ಮ ಮನೆಗೆ ಸೊಸೆಯಾಗಿ ತಂದುಕೊಳ್ಳುವ ಮಾತನ್ನು ನೆಂಟರೊಬ್ಬರು ನಗುತ್ತ ನಗುತ್ತ ಆಗಲೇ ಆಡಿ ಹೋಗಿದ್ದರು. ಆ ನಗುವಿಗೆ ನನಗೆ ಬಹಳ ಅಂಜಿಕೆ.

ಗಂಡ ಜೇವರ್ಗಿಯ ಒಂದು ಕಾಳುಕಡಿಯ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಊರಿಗೆ ಬಂದಾಗ ಗುಲ್ಬರ್ಗಾದಿಂದ ಒಂದು ಗೈಡು ತಂದುಕೊಟ್ಟು, "ನೀನೇ ಓದಿಸು, ನಂಗೆಲ್ಲಿ ಪುರಸೊತ್ತು" ಎಂದು ಹೋದರು. ಅದರಲ್ಲಿ ಲೆಕ್ಕ, ಭಾಷೆ ಅಲ್ಲದೆ ಚಿತ್ರಗಳ ಪ್ರಶ್ನೆಗಳೂ ಇದ್ದವು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಹೀಗೆ. ನಾನು ಓದುವಾಗ ಇಂಥದ್ದನ್ನು ಕಂಡವಳಲ್ಲ. ಗೋಡೆಯ ಕನ್ನಡಿ ಇಳಿಸಿ ಪುಟದ ಪಕ್ಕ ನಿಲ್ಲಿಸಿ ತಾಯಿ ಮಗಳು ಕೂಡಿಯೇ ಕಲಿತೆವು. ಮನೆಯಲ್ಲಿ ಗಡಿಯಾರವಿರಲಿಲ್ಲ. ಪರೀಕ್ಷೆಯಲ್ಲಿ ಹೊತ್ತು ಸಾಲದೆ ಹೋದರೆ ಎಂಬ ಹೆದರಿಕೆಗೆ, ನಾನು ನಾದಿಟ್ಟ ಹಿಟ್ಟು ರೊಟ್ಟಿಯಾಗಿ ಮುಗಿಯುವುದರೊಳಗೆ ಒಂದು ಪುಟ ಮುಗಿಸಬೇಕೆಂದು ಕಟ್ಟಳೆ ಮಾಡಿದ್ದೆ. ಅವಳು ಒಲೆಯ ಮಗ್ಗುಲಲ್ಲಿ ಪಾಟಿ ಹಿಡಿದು ಕೂತು, "ಯವ್ವಾ, ಇವತ್ತ ದಪ್ಪ ತಟ್ಟಾಕತ್ತಿ, ಲಗೂನ ಮುಗೀತಾವ. ಸಣ್ಣ ತಟ್ಟು" ಎಂದು ನನ್ನ ಜೊತೆಗೇ ಜಗಳ ತೆಗೆಯುತ್ತಿದ್ದಳು.

ಅರ್ಜಿ ತುಂಬಿಸಿದ ಹೆಡ್‌ಮಾಸ್ತರರ ಹೊರತು ಯಾರಿಗೂ ತಿಳಿಯದಂತೆ ಇದನ್ನು ಮುಚ್ಚಿಡಬೇಕು ಎಂದವರು ನಮ್ಮ ಅತ್ತೆ. ಅದಕ್ಕೆ ಕಾರಣವಿತ್ತು. ನನ್ನ ಗಂಡನಿಗೆ ಒಬ್ಬ ಅಣ್ಣ ಇದ್ದ. ಮಗ್ಗಿಯನ್ನು ಹಿಂದುಮುಂದಾಗಿ ಹೇಳುತ್ತಿದ್ದನಂತೆ. ಶಾಲೆ ನೋಡಲು ಬಂದ ಸಾಹೇಬರೊಬ್ಬರು ಊರವರೆದುರು ಅವನ ಬೆನ್ನು ಚಪ್ಪರಿಸಿ, ಇಂಥ ಹುಡುಗ ತಾಲೂಕಿನಲ್ಲೇ ಇಲ್ಲ ಎಂದರಂತೆ. ಆ ವಾರವೇ ಜ್ವರ ಬಂದು ಹುಡುಗ ತೀರಿಕೊಂಡ. ಅತ್ತೆಗೆ ಅದು ಜ್ವರವಲ್ಲ, ಊರ ಮಂದಿಯ ದಿಟ್ಟಿ. ಅಂದಿನಿಂದ ಅವರು ತಮ್ಮ ಮಕ್ಕಳನ್ನಾಗಲಿ ಮೊಮ್ಮಕ್ಕಳನ್ನಾಗಲಿ ಪರರೆದುರು ಹೊಗಳಿದ್ದನ್ನು ಯಾರೂ ಕೇಳಿಲ್ಲ. ಕೇಳಿದವರಿಗೆಲ್ಲ ಹುಡುಗಿ ದಡ್ಡಿ, ಹುಡುಗಿಗೆ ಉಣ್ಣುವುದೊಂದೇ ಗೊತ್ತು ಎನ್ನುತ್ತಿದ್ದರು. ನಾನು ದಿಟ್ಟಿಯನ್ನು ನಂಬುತ್ತಿದ್ದೆನೇ ಎಂದರೆ, ನಂಬುವುದಿಲ್ಲ ಎನ್ನುವ ಧೈರ್ಯ ನನಗೂ ಇರಲಿಲ್ಲ.

ಚಳಿಗಾಲ ಬಂತು. ಹಿಟ್ಟಿನ ಗಿರಣಿಯಲ್ಲಿ ಸರದಿಗೆ ಕೂತಾಗ ಯಾರೋ ಅತ್ತೆಯನ್ನು ಕೇಳಿದರಂತೆ, "ನಿಮ್ಮ ಮೊಮ್ಮಗಳು ಅದೇನೋ ದೊಡ್ಡ ಪರೀಕ್ಷಾ ಬರೀತಾಳಂತಲ್ರಿ?"

"ಎಲ್ಲೀದು ತಗೀರಿ. ಅಕೀಗಿ ಕೂಡ್ಸಿ ಕಳ್ಯಾಕನ ಬರಂಗಿಲ್ಲ. ಬ್ಯಾಡಂತ ಬಿಟ್ಟೇವಿ."

ಅಷ್ಟೇ ಮಾತು. ಆದರೆ ಅಲ್ಲಿ ಜೋಳದ ಡಬ್ಬಿ ಇಟ್ಟುಕೊಂಡು ಕೂತವರಲ್ಲಿ ಹೆಡ್‌ಮಾಸ್ತರರ ಹೆಂಡತಿಯೂ ಇದ್ದರು.

ಪರೀಕ್ಷೆ ಭಾನುವಾರ. ಹಿಂದಿನ ದಿನ ಶನಿವಾರದ ಬೆಳಗಿನ ಶಾಲೆ ಮುಗಿಸಿ ಬಂದ ಮಗಳು ಪಾಟಿಚೀಲವನ್ನೂ ಇಳಿಸದೆ ಹೊಸ್ತಿಲಲ್ಲೇ ನಿಂತಳು. ಮುಖ ಬಿಳಿಚಿತ್ತು.

"ಹುಡುಗರಿಗಿ ಹಾಲ್ ಟಿಕೆಟ್ ಕೊಟ್ರು. ನಂಗ ಕೊಡಲಿಲ್ಲ."

"ಕೇಳಬೇಕಿಲ್ಲ?"

"ಕೇಳೇನಿ. ನಿಮ್ಮನ್ಯಾಗ ಬ್ಯಾಡಂದಾರಂತ, ವಾಪಸ್ ಕೊಟ್ಟು ಬಂದೇನಿ ಅಂದ್ರು ಹೆಡ್‌ಮಾಸ್ತರು."

ಒಲೆಯ ಮೇಲಿನ ಬೇಳೆಯನ್ನು ಇಳಿಸಿದೆನೋ ಇಲ್ಲವೋ ನೆನಪಿಲ್ಲ, ಸೆರಗು ಹೊದ್ದು ಮಾಸ್ತರರ ಮನೆಗೆ ನಡೆದೆ. ಅವರು ಉಣ್ಣಲು ಕೂತಿದ್ದವರು ಕೈ ತೊಳೆದು ಎದ್ದು ಬಂದರು. ವಿಷಯ ಕೇಳಿ ಹಣೆ ಹಣೆ ಬಡಿದುಕೊಂಡರು.

"ತಂಗೀ, ನೀವ ಮಂದಿ ಮುಂದ ಬ್ಯಾಡಂತ ಸಾರಿದ್ರ ನಾ ಏನಂತ ತಿಳೀಬೇಕು? ಒಂದ್ ಮಾತು ನನಗರ ಹೇಳಬಾರದೇನು?"

"ಈಗ ಏನ್ ಮಾಡಬೇಕ್ರಿ ಸರ್?"

"ಆಳಂದದ ಆಫೀಸಿನ್ಯಾಗ ಕೊಟ್ಟೇನಿ. ಈ ಹೊತ್ತಿಗೆ ಬಾಗಲಾ ಹಾಕಿರತಾರ. ಉಳಿದ ಟಿಕೆಟ್ ಸೆಂಟರಿಗಿ ಕಳಿಸಿದ್ರ ನಮ್ಮ ಪುಣ್ಯ. ನಾಳಿ ಮೊದಲನೇ ಬಸ್ಸಿಗಿ ಬರ್ರಿ, ನಾನೂ ಬರ್ತೇನಿ. ಆದೀತಂತ ಹೇಳಂಗಿಲ್ಲ ನಾನು."

ಮನೆಗೆ ಬಂದು ಅತ್ತೆಗೆ ಹೇಳಿದೆ. ಸಿಟ್ಟು ಮಾಡಬೇಕೆಂದೇ ಬಂದಿದ್ದೆ. ಅವರು ಬಾಯಿಗೆ ಸೆರಗು ಹಿಡಿದು ಗೋಡೆಗೆ ಆತುಕೊಂಡು ಕೂತುಬಿಟ್ಟರು. ನನ್ನ ಸಿಟ್ಟು ಅಲ್ಲೇ ಉಳಿಯಿತು. ಮರುದಿನ ಬೆಳಿಗ್ಗೆ ನೋಡಿದರೆ ನಮಗಿಂತ ಮೊದಲು ಸೀರೆ ಉಟ್ಟು ಅಂಗಳದಲ್ಲಿ ನಿಂತಿದ್ದರು.

ಬಸ್ಸಿನಲ್ಲಿ ಪರಿಚಯದ ಹೆಂಗಸೊಬ್ಬಳು, "ಇಷ್ಟ ನಸುಕಿನ್ಯಾಗ ಎಲ್ಲಿಗಿ ಹೊಂಟೀರಿ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ದವಾಖಾನಿಗಿ" ಎಂದುಬಿಟ್ಟರು.

ಆ ಪುಣ್ಯಾತ್ಗಿತ್ತಿ ಮಗಳ ಹಣೆ ಮುಟ್ಟಿ ನೋಡಿ, ಎದ್ದು ಅವಳಿಗೆ ಸೀಟು ಬಿಟ್ಟುಕೊಟ್ಟಳು. ಹುಡುಗಿಗೆ ನಿಜವಾಗಿಯೂ ಮೈ ಬೆವರಿತ್ತು. ಮುಂದಿನ ಸೀಟಿನಲ್ಲಿದ್ದ ಮಾಸ್ತರರು ಹಿಂದೆ ತಿರುಗಿ ಅತ್ತೆಯನ್ನು ನೋಡಿದರು.

ಆಳಂದದ ಪರೀಕ್ಷೆಯ ಶಾಲೆಯ ಮುಂದೆ ಜಾತ್ರೆಯಷ್ಟು ಮಂದಿ. ನಮ್ಮನ್ನು ಗೇಟಿನ ಹೊರಗೆ ನಿಲ್ಲಿಸಿ ಮಾಸ್ತರರು ಒಳಗೆ ಹೋದರು. ಮಕ್ಕಳು ಒಬ್ಬೊಬ್ಬರಾಗಿ ಚೀಟಿ ತೋರಿಸಿ ಒಳಗೆ ಹೋಗುತ್ತಿದ್ದರು. ನಮ್ಮೂರಿನ ಹುಡುಗರೂ ಹೋದರು. ಮಗಳು ಬರೆಯುವ ರಟ್ಟು, ಪೆನ್ನು ಎದೆಗವಚಿಕೊಂಡು ನನ್ನ ಸೀರೆಯ ನಿರಿಗೆಯನ್ನು ಬೆರಳಲ್ಲಿ ಸುತ್ತುತ್ತಿದ್ದಳು. ಮೊದಲ ಗಂಟೆ ಹೊಡೆಯಿತು. ಅವಳನ್ನು ಸೊಸೆ ಮಾಡಿಕೊಳ್ಳುತ್ತೇವೆಂದು ನಕ್ಕ ಆ ನೆಂಟರ ಮುಖವೇ ಕಣ್ಣ ಮುಂದೆ ಬರುತ್ತಿತ್ತು.

ಮಾಸ್ತರರ ಹಿಂದೆಯೇ ಒಬ್ಬ ಅಧಿಕಾರಿ ಗೇಟಿಗೆ ಬಂದರು. ಕೈಯಲ್ಲಿ ಚೀಟಿಗಳ ಕಟ್ಟು. "ಮನೆಯವರೇ ಬೇಡ ಅಂದಿದ್ದಾರೆ ಅಂತ ವಾಪಸ್ ಬಂದದ್ದು ಇದು. ಈಗ ಬೇಕು ಅಂದರೆ ಹೇಗೆ? ಬೇಡ ಅಂದವರು ಯಾರು?"

ಸುತ್ತಲಿನ ಮಂದಿಯೆಲ್ಲ ನಮ್ಮತ್ತ ತಿರುಗಿತು. ಅತ್ತೆ ಮುಂದೆ ಬಂದು ಗೇಟಿನ ಸರಳು ಹಿಡಿದರು.

"ನಾ ಅಂದೇನ್ರಿ ಸಾಹೇಬ್ರ. ಸುಳ್ಳ ಹೇಳೇನಿ."

"ಯಾಕೆ?"

ಅತ್ತೆ ಒಮ್ಮೆ ಮಂದಿಯನ್ನು ನೋಡಿದರು, ಒಮ್ಮೆ ಮೊಮ್ಮಗಳನ್ನು. "ಹುಡುಗಿ ಭಾಳ ಶಾಣ್ಯಾಕಿ ಅದಾಳ್ರಿ. ಎಂಥಾ ಲೆಕ್ಕ ಕೊಟ್ರೂ ಮಾಡ್ತಾಳ. ನಮ್ಮ ಮನಿತನದಾಗ ಇಂಥಾಕಿ ಹುಟ್ಟಿಲ್ಲ. ಯಾರ ಕಣ್ಣ ಬೀಳತಾವೋ ಅಂತ ಅಂಜಿ ದಡ್ಡಿ ಅಂತ ಹೇಳ್ಕೋತ ಬಂದೇನಿ. ನನ್ನ ತಪ್ಪಿಗಿ ಅಕೀಗಿ ಹೊರಗ ನಿಲ್ಲಸಬ್ಯಾಡ್ರಿ."

ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು. ಇನ್ಯಾರೋ, "ಬಿಡ್ರಿ ಸಾಹೇಬ್ರ, ಮುದುಕಿ ಇಷ್ಟ ಹೇಳಾಕತ್ತಾಳ" ಎಂದರು. ಅಧಿಕಾರಿ ಕಟ್ಟು ಬಿಚ್ಚಿ, ಎಂಜಲು ಹಚ್ಚಿದ ಬೆರಳಿನಿಂದ ಚೀಟಿಗಳನ್ನು ಒಂದೊಂದಾಗಿ ತಿರುವಿದರು. ಕೊನೆಗೆ ಮಗಳದು ಸಿಕ್ಕಿತು. ಎರಡನೇ ಗಂಟೆ ಹೊಡೆಯುತ್ತಿದ್ದಂತೆ ಮಗಳು ಓಡಿದಳು. ಹಿಂದಿರುಗಿ ನೋಡಲಿಲ್ಲ.

ಪರೀಕ್ಷೆ ಮುಗಿಯುವವರೆಗೆ ಅತ್ತೆ ಬೇವಿನ ಮರದ ನೆರಳಿನಲ್ಲಿ ಕೂತು ನೀರು ಸಹ ಕುಡಿಯಲಿಲ್ಲ. ಅಷ್ಟು ಮಂದಿಯ ಎದುರು ಆಡಿದ ಮಾತು ಅವರನ್ನು ಒಳಗೊಳಗೇ ಸುಡುತ್ತಿತ್ತು. ಹೊರಗೆ ಬಂದ ಮೊಮ್ಮಗಳನ್ನು ಅಲ್ಲೇ ತಡೆದು, ದಿಟ್ಟಿ ಹೋಗಲೆಂದು ಕೆನ್ನೆ ನೀವಿ ತಮ್ಮ ಹಣೆಯ ಪಕ್ಕ ಬೆರಳ ನೆಟಿಗೆ ಮುರಿದರು. ಹೇಗೆ ಬರೆದೆ ಎಂದು ನಾವಿಬ್ಬರೂ ಕೇಳಲಿಲ್ಲ. ಆ ವಾರವಿಡೀ ಅವರು ಹೊತ್ತು ಹೊತ್ತಿಗೂ ಹುಡುಗಿಯ ಕುತ್ತಿಗೆ ಮುಟ್ಟಿ ಜ್ವರ ಇದೆಯೇ ಎಂದು ನೋಡಿದರು. ನಾನೂ ಅವರಿಗೆ ಕಾಣದಂತೆ ಮುಟ್ಟಿ ನೋಡಿದೆ.

ಬೇಸಿಗೆಯಲ್ಲಿ ಮಾಸ್ತರರು ಮನೆಗೇ ಬಂದು, ಹುಡುಗಿ ಆರಿಸಿ ಬಂದಿದ್ದಾಳೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು. ಅತ್ತೆ ಒಳಗೆ ಹೋಗಿ ಅವರಿಗೆ ಬೆಲ್ಲ, ನೀರು ತಂದಿಟ್ಟರು. ದಡ್ಡಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ.

ನಾನು ಕುಣಿದಾಡಬೇಕಿತ್ತು. ಮಾಸ್ತರರು ಹೋದ ಮೇಲೆ ಮಗಳನ್ನು ಅಂಗಳದಲ್ಲಿ ಕೂರಿಸಿ ಅವಳ ಕೈಗೇ ಬಾಚಣಿಕೆ ಕೊಟ್ಟೆ. ಆ ವಸತಿ ಶಾಲೆಯಲ್ಲಿ ಅವಳಿಗೆ ಜಡೆ ಹಾಕುವವರು ಯಾರು? ಹಿಂದೆ ಕೈ ಒಯ್ದು ಹೆಣೆಯಲು ಹೋಗಿ ಅವಳ ಬೆರಳು ಸಿಕ್ಕಿಬೀಳುತ್ತಿದ್ದವು, ಒಂದು ಜಡೆ ಮೇಲೆ, ಒಂದು ಕೆಳಗೆ. "ನೀನ ಹಾಕು ಯವ್ವಾ" ಎಂದಳು. ನಾನು ಬಿಚ್ಚಿ, ಇನ್ನೊಮ್ಮೆ ಹಾಕಿಕೋ ಎಂದೆ.