ಒಳಕೋಣೆಗೆ ಎಳೆದ ಮೈಕಿನ ವಯರು

ನನ್ನ ಗಂಡನಿಗೆ ಪುತ್ತೂರು ಬಸ್ ನಿಲ್ದಾಣದ ಹಿಂದೆ ಮೈಕ್ ಸೆಟ್ಟಿನ ಸಣ್ಣ ಅಂಗಡಿ ಇತ್ತು. ಮದುವೆ, ಯಕ್ಷಗಾನ, ಶಾಲೆಯ ವಾರ್ಷಿಕೋತ್ಸವ ಎಂದು ಕರೆದಲ್ಲಿಗೆ ಹೋಗುತ್ತಿದ್ದರು. ಕೆಟ್ಟ ಆಂಪ್ಲಿಫೈಯರ್ ಬಿಚ್ಚಿ ರಿಪೇರಿ ಮಾಡುವುದು ಮನೆಯ ಜಗಲಿಯಲ್ಲಿ. ಮದುವೆಯಾದ ಹೊಸದರಲ್ಲಿ ನಾನು ಪಕ್ಕದಲ್ಲಿ ದೀಪ ಹಿಡಿದು ನಿಲ್ಲುತ್ತಿದ್ದೆ. ಬರುಬರುತ್ತಾ ಬೆಸುಗೆ ಹಾಕುವ ಕೆಲಸ ನನ್ನದೇ ಆಯಿತು.

ಅರವತ್ತರ ದಶಕದ ಆರಂಭದ ಒಂದು ಬೇಸಗೆಯಲ್ಲಿ, ಮೈಕಿನ ಹಾರ್ನ್ ಕಟ್ಟಲು ತೆಂಗಿನ ಮರ ಹತ್ತಿದವರು ಜಾರಿ ಬಿದ್ದರು. ಆಸ್ಪತ್ರೆಗೆ ಮುಟ್ಟುವ ಮೊದಲೇ ಪ್ರಾಣ ಹೋಗಿತ್ತು. ಮರುದಿನ ಸೆಟ್ಟಿನ ಪೆಟ್ಟಿಗೆ ಬಸ್ಸಿನಲ್ಲಿ ಮನೆಗೆ ಬಂತು.

ವರ್ಷಾಂತಿಕ ಕಳೆದ ಮೇಲೆ ಮೈದುನ ಅದನ್ನು ಮಾರುವ ಮಾತೆತ್ತಿದ. ಅತ್ತೆ ಒಲೆಯ ಮುಂದಿನಿಂದ ಏಳದೆಯೇ ಹೇಳಿದರು, "ಮಾರುದು ಎಂತಕ್ಕೆ? ಅವಳಿಗೆ ಕೆಲಸ ಗೊತ್ತುಂಟಲ್ಲ. ನೀನು ಹೊತ್ತುಕೊಂಡು ಹೋಗು, ಅವಳು ನಡೆಸಲಿ."

ಮರ ಹತ್ತಬಾರದು ಎಂದು ಮಾತ್ರ ನಾನು ಕೇಳಿಕೊಂಡೆ. ಮೈದುನ ಬಿದಿರಿನ ಗಳ ನೆಟ್ಟು ಹಾರ್ನ್ ಕಟ್ಟತೊಡಗಿದ.

ಗುತ್ತಿಗಾರಿನಲ್ಲಿ ಒಂದು ಮದುವೆ. ನಾವು ಅಂಗಳಕ್ಕೆ ಬಂದಾಗ ಮದುಮಗಳ ದೊಡ್ಡಪ್ಪ ನನ್ನ ಬರಿದಾದ ಹಣೆ ನೋಡಿ ಮೈದುನನನ್ನು ಬದಿಗೆ ಕರೆದರು. "ಬೇಸರ ಮಾಡಬೇಡಿ ಮಾರಾಯ್ರೆ, ಅವರು ಚಪ್ಪರಕ್ಕೆ ಬರುದು ಬೇಡ. ಶುಭಕಾರ್ಯ ಅಲ್ವಾ?"

ನನಗೆ ಕೇಳಿಸಿತು. ಮೈಕನ್ನು ಚಪ್ಪರದಲ್ಲಿ ನಿಲ್ಲಿಸಲು ಮೈದುನನಿಗೆ ಕೊಟ್ಟು, ಆಂಪ್ಲಿಫೈಯರ್ ಮತ್ತು ಬ್ಯಾಟರಿ ಇಟ್ಟುಕೊಂಡು ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಕೂತೆ. ಅಲ್ಲಿಂದ ಏನೂ ಕಾಣುತ್ತಿರಲಿಲ್ಲ. ಕೇಳಿದ್ದರ ಮೇಲೆಯೇ ಅಂದಾಜು ಮಾಡಿ ದನಿ ಏರಿಸಿ ಇಳಿಸಬೇಕಾಗಿತ್ತು.

ಸ್ವಲ್ಪ ಹೊತ್ತಿಗೆ ಮದುಮಗಳೇ ಹಿಂಬಾಗಿಲಿನಿಂದ ಬಂದಳು. ತಲೆಗೆ ಇನ್ನೂ ಹೂ ಮುಡಿಸಿರಲಿಲ್ಲ.

"ಅಕ್ಕ, ನಿಮ್ಮ ಮೈಕಿನ ವಯರು ಒಳಕೋಣೆಗೆ ಮುಟ್ಟುತ್ತದಾ?"

"ಎಂತಕ್ಕೆ?"

"ಅಲ್ಲಿ ಅಜ್ಜಿ ಇದ್ದಾರೆ. ಮೊದಲು ಈ ಊರಿನ ಮದುವೆಗಳಲ್ಲಿ ಶೋಭಾನೆ ಹೇಳುದು ಅವರೇ. ಅಜ್ಜ ಹೋದ ಮೇಲೆ ಚಪ್ಪರಕ್ಕೆ ಬಿಡುದಿಲ್ಲ. ನನಗೆ ಅವರದ್ದೇ ಶೋಭಾನೆ ಬೇಕು."

ವಯರು ಸಾಲಲಿಲ್ಲ. ಹಳೆಯ ತುಂಡೊಂದನ್ನು ಜೋಡಿಸಿ, ನನ್ನಲ್ಲಿದ್ದ ಎರಡನೆಯ ಮೈಕನ್ನು ಹಿಂಬಾಗಿಲಿನಿಂದ ಒಳಗೆ ಒಯ್ದೆ. ಅಜ್ಜಿ ಚಾಪೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು.

"ಇದರಲ್ಲಿ ಹೇಳಿದರೆ ಯಾರಿಗೆ ಕೇಳ್ತದೆ?"

"ಎಲ್ಲರಿಗೂ, ಅಜ್ಜಿ."

ಅವರು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು.

ಕೊಟ್ಟಿಗೆಗೆ ಮರಳಿ ಗುಂಡಿ ತಿರುಗಿಸಿದೆ. ಜೋಡಿಸಿದ ವಯರಿನಿಂದ ಗುಂಯ್ ಎಂಬ ಸದ್ದು ಬರುತ್ತಿತ್ತು, ಅದನ್ನು ಆದಷ್ಟು ತಗ್ಗಿಸಿದೆ. ಹಾರ್ನಿನಲ್ಲಿ ಅಜ್ಜಿಯ ದನಿ ಎದ್ದಿತು. ಮೊದಲ ಸಾಲು ನಡುಗಿತು. ಚಪ್ಪರದ ಗದ್ದಲ ಒಮ್ಮೆಗೇ ನಿಂತಿತು. ಎರಡನೆಯ ಸಾಲು ಮುಗಿದಾಗ, ಅಲ್ಲಿದ್ದ ಹೆಂಗಸರು ವಾಡಿಕೆಯಂತೆ ಸೊಲ್ಲು ಸೇರಿಸಿದರು. ಆಮೇಲೆ ಅಜ್ಜಿಯ ದನಿ ನಡುಗಲಿಲ್ಲ.

ದೊಡ್ಡಪ್ಪ ದಡದಡನೆ ಕೊಟ್ಟಿಗೆಗೆ ಬಂದರು. "ಯಾರು ಹೇಳಿದ್ದು ನಿಮಗೆ? ನಿಲ್ಲಿಸಿ!"

"ಮದುಮಗಳು ಹೇಳಿದ್ದು. ನಿಲ್ಲಿಸುದಾದರೆ ಇಲ್ಲಿ ಉಂಟು ಗುಂಡಿ, ನೀವೇ ತಿರುಗಿಸಿ."

ಅವರು ಕೈ ಮುಂದೆ ಮಾಡಿದರು. ಹಾಡುತ್ತಿದ್ದದ್ದು ಅವರನ್ನು ಹೆತ್ತ ತಾಯಿ. ಆ ಕೈ ಗುಂಡಿಯ ವರೆಗೆ ಬರಲಿಲ್ಲ. ಕಟ್ಟಿಗೆಯ ರಾಶಿಯ ಮೇಲೆ ಕೂತು, ಹಾಡು ಮುಗಿಯುವ ತನಕ ನೆಲ ನೋಡುತ್ತಿದ್ದರು. ಮತ್ತೆ ಎದ್ದು ಹೋದರು.

ಹೊರಡುವಾಗ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ನಿನಗೆ ಎಷ್ಟು ಪ್ರಾಯ ಮಗ?"

"ಇಪ್ಪತ್ತಾರು."

ಅವರು ನನ್ನ ಕೈಯನ್ನು ಬೇಗ ಬಿಡಲಿಲ್ಲ.

ಸುದ್ದಿ ಹಬ್ಬಿತು. ನಮ್ಮನ್ನು ಕರೆಯುತ್ತಿದ್ದ ಕೆಲವು ಮನೆಗಳವರು ಬೇರೆ ಸೆಟ್ಟು ಹುಡುಕಿಕೊಂಡರು. ಮಾರನೆಯ ವರ್ಷ ಕಡಬದ ಕಡೆಯಿಂದ ಒಬ್ಬಳು ಹೆಂಗಸು ಅಂಗಡಿಗೆ ಬಂದಳು. ಮಗನ ಮದುವೆ ಎಂದಳು. ಅವಳ ಹಣೆಯಲ್ಲೂ ಕುಂಕುಮ ಇರಲಿಲ್ಲ. "ವಯರು ಉದ್ದದ್ದು ತನ್ನಿ" ಎಂದಷ್ಟೇ ಹೇಳಿ ಬಸ್ಸಿಗೆ ಹೊರಟಳು.